ಪ್ರಾಜೆಕ್ಟ್ ನೋಡಿ ಅಂಕ ಕೊಡಬೇಡಿ, ಮಗುವನ್ನು ಕೇಳಿ ಕೊಡಿ

ಮಾನ್ಯ ಸಂಪಾದಕರೇ,

ಕೇಳಿದ್ದನ್ನು ಬರೆದುಕೊಡುವ ಎಐಯನ್ನು (ಕೃತಕ ಬುದ್ಧಿಮತ್ತೆ) ಶಾಲಾ ಮಕ್ಕಳು ಮುಟ್ಟದಂತೆ ನಿಷೇಧ ಹಾಕಬೇಕು ಎಂದು ಕೆಲವರು, ಕಾಲ ಬದಲಾಗಿದೆ, ಬಳಸಲಿ ಬಿಡಿ ಎಂದು ಇನ್ನು ಕೆಲವರು ನಿಮ್ಮ ಪತ್ರಿಕೆಗೆ ಬರೆಯುತ್ತಿದ್ದಾರೆ. ಇಬ್ಬರದೂ ಓದಿದೆ. ಬರೆದವರಲ್ಲಿ ಪ್ರೊಫೆಸರುಗಳಿದ್ದಾರೆ, ಸಾಫ್ಟ್‌ವೇರ್‌ನವರಿದ್ದಾರೆ. ನಾನು ಗದಗದ ಬೆಟಗೇರಿಯಲ್ಲಿ ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟವನು. ಸುತ್ತಮುತ್ತ ಮೂರ್ನಾಲ್ಕು ಹೈಸ್ಕೂಲುಗಳಿವೆ. ಅಲ್ಲಿನ ಮಕ್ಕಳ ಪ್ರಾಜೆಕ್ಟುಗಳು ಮಾಸ್ತರರ ಟೇಬಲ್ಲಿಗೆ ಹೋಗುವ ಮೊದಲು ನನ್ನ ಟೇಬಲ್ಲಿಗೆ ಬರುತ್ತವೆ. ಹಾಗಾಗಿ ಈ ವಿಷಯದಲ್ಲಿ ನಾನೂ ನಾಲ್ಕು ಮಾತು ಆಡಬಹುದು ಅಂದುಕೊಂಡಿದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ. ಕತ್ತರಿಸಿದರೂ ಬೇಜಾರಿಲ್ಲ.

ಶಾಲೆಯೇ ವರ್ಷಕ್ಕೆ ನಾಲ್ಕು ಸಲ ಮಾಡುವ ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಎಲ್ಲರ ಬಾಯಲ್ಲಿರುವ ಎಫ್‌ಎ, ಹತ್ತಿರ ಬಂತೆಂದರೆ ಸಂಜೆ ಅಂಗಡಿ ಮುಂದೆ ಸೈಕಲ್ ಸಾಲು. ಮೊದಲೆಲ್ಲ ಮಕ್ಕಳು ನೋಟ್‌ಬುಕ್ ಹಿಡಿದು ಬರುತ್ತಿದ್ದರು. ಅದನ್ನು ನೋಡಿ ನಾನು 'ನುಡಿ' ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಬೇಕಿತ್ತು. ಆಗಲೂ ಅರ್ಧ ಗೈಡಿನಿಂದ, ಅರ್ಧ ಅಣ್ಣನ ಹಳೇ ಪ್ರಾಜೆಕ್ಟಿನಿಂದ ಎತ್ತಿದ್ದೇ ಇರುತ್ತಿತ್ತು. ಕಾಪಿ ಹೊಡೆಯುವುದು ಎಐ ಜೊತೆ ಹುಟ್ಟಿದ್ದಲ್ಲ. ಆದರೆ ಎತ್ತಬೇಕಾದರೂ ಒಂದಿಷ್ಟು ಓದಬೇಕಿತ್ತು, ಯಾವ ಸಾಲು ಬೇಕು, ಯಾವುದು ಬೇಡ ಅಂತ ನೋಡಬೇಕಿತ್ತು. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂದಾಗ ನಮ್ಮ ಕಡೆ ಯಾರಿಗೂ ಅದರ ಬಿಸಿ ತಟ್ಟಲಿಲ್ಲ. ಆಗ ಅದರ ಕನ್ನಡ ಬರೀ ಹರಕು ಮುರುಕು. 2024ರ ಜೂನ್‌ನಲ್ಲಿ ಗೂಗಲ್‌ನವರು ಜೆಮಿನಿ ಆ್ಯಪನ್ನು ನಮ್ಮ ದೇಶದಲ್ಲಿ ಬಿಟ್ಟರು. ಅದು ಒಂಬತ್ತು ಭಾರತೀಯ ಭಾಷೆಗಳಲ್ಲಿ ಬಂತು, ಅದರಲ್ಲಿ ಕನ್ನಡವೂ ಒಂದು. ಅದೇ ಸುಮಾರಿಗೆ ವಾಟ್ಸ್‌ಆ್ಯಪ್‌ನಲ್ಲೂ ಮೆಟಾ ಎಐನ ಒಂದು ನೀಲಿ ಬಳೆ ಕಾಣಿಸಿಕೊಂಡಿತು. ಅಲ್ಲಿಂದ ಮುಂದೆ ಮಕ್ಕಳ ಪ್ರಾಜೆಕ್ಟ್ ಟೈಪ್ ಮಾಡುವ ಕೆಲಸವೇ ನನಗೆ ಉಳಿಯಲಿಲ್ಲ. ಹುಡುಗ ಬರುತ್ತಾನೆ, "ಅಂಕಲ್, ನಿಮ್ಮ ನಂಬರಿಗೆ ಹಾಕೇನ್ರಿ, ಕಲರ್ ಪ್ರಿಂಟ್ ತಗೀರಿ" ಅನ್ನುತ್ತಾನೆ. ಅಷ್ಟೇ.

ಎಐ ಬರೆದದ್ದನ್ನು ಗುರುತಿಸಲು ನನಗೆ ಯಾವ ಸಾಫ್ಟ್‌ವೇರೂ ಬೇಕಿಲ್ಲ. ತಲೆಬರಹಗಳ ಹಿಂದೆ ಮುಂದೆ ಎರಡೆರಡು ನಕ್ಷತ್ರದ ಗುರುತು ಇರುತ್ತದೆ. ಈ ಪದವನ್ನು ದಪ್ಪ ಅಕ್ಷರದಲ್ಲಿ ತೋರಿಸು ಎಂದು ಹೇಳುವ ಸಂಜ್ಞೆ ಅದು. ಕಾಪಿ ಮಾಡುವಾಗ ಹಾಗೇ ಜೊತೆಗೆ ಬಂದುಬಿಡುತ್ತದೆ. ಪ್ರಿಂಟ್ ಬೇಡವೇ ಬೇಡ, ಕೈಯಲ್ಲೇ ಬರೆದು ತನ್ನಿ ಎಂದು ಒಂದು ಶಾಲೆಯವರು ಕಟ್ಟುನಿಟ್ಟು ಮಾಡಿದರು. ಉದ್ದೇಶ ಒಳ್ಳೆಯದೇ. ಅಂಕ ಹಾಕಿದ ಮೇಲೆ ಅವುಗಳಲ್ಲಿ ಕೆಲವು ಬೈಂಡಿಂಗಿಗೆ ನನ್ನಲ್ಲಿ ಬಂದವು. ಒಂದರಲ್ಲಿ 'ಪೀಠಿಕೆ' ಎಂಬ ಪದದ ಆಚೆ ಈಚೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಎರಡೆರಡು ನಕ್ಷತ್ರ ಚೆಂದಾಗಿ ಬಿಡಿಸಿತ್ತು. ಅಲಂಕಾರ ಅಂದುಕೊಂಡಿದ್ದಾರೆ ಪಾಪ. ಕೊನೆಯ ಪುಟದಲ್ಲಿ ಉಪಸಂಹಾರದ ಕೆಳಗೆ, 'ಬೇಕಿದ್ದರೆ ಇದನ್ನು ಇನ್ನೂ ಸರಳವಾಗಿ ಬರೆದುಕೊಡಲೇ?' ಎಂದು ದುಂಡಗೆ ಬರೆದಿತ್ತು. ಅದರ ಪಕ್ಕದಲ್ಲೇ 'ಉತ್ತಮ' ಎಂಬ ಷರಾ, ಸಹಿ. ಇನ್ನೊಂದು ವಿಷಯ ಹೇಳುತ್ತೇನೆ. ಆ ಕೈಬರಹ ಮಗುವಿನದೂ ಅಲ್ಲ, ಅವರ ತಾಯಿಯದು. ಮಹಿಳಾ ಸಂಘದ ಅರ್ಜಿಗಳನ್ನು ಆ ತಾಯಿಯೇ ಬರೆದು ಝೆರಾಕ್ಸಿಗೆ ತರುತ್ತಾರೆ, ಹಾಗಾಗಿ ನನಗೆ ಆ ಅಕ್ಷರ ಗುರುತು. ಕೈಯಲ್ಲಿ ಬರೆಸಿದರೆ ಎಐ ಕಾಟ ತಪ್ಪುತ್ತದೆ ಎನ್ನುವವರು ಇದನ್ನು ಸ್ವಲ್ಪ ಗಮನಿಸಬೇಕು.

ಷರಾ ಬರೆದ ಮಾಸ್ತರರನ್ನು ನಾನು ಆಡಿಕೊಳ್ಳುತ್ತಿಲ್ಲ. ಅರವತ್ತು ನೋಟ್‌ಬುಕ್, ಅದೂ ಎರಡು ಮೂರು ಸೆಕ್ಷನ್‌ನದು, ರಾತ್ರಿ ಕೂತು ನೋಡುವವರಿಗೆ ಕೊನೆಯ ಪುಟದ ಕೊನೆಯ ಸಾಲು ಎಲ್ಲಿ ಕಾಣಬೇಕು? ಮತ್ತೆ, ನಕ್ಷತ್ರಗಳು ಬರೀ ಮಕ್ಕಳ ಪ್ರಾಜೆಕ್ಟಿನಲ್ಲಿ ಮಾತ್ರ ಇಲ್ಲ. ಈಚೆಗೆ ಝೆರಾಕ್ಸಿಗೆ ಬರುವ ಪ್ರಶ್ನೆಪತ್ರಿಕೆಗಳಲ್ಲೂ ಇರುತ್ತವೆ. ಯಂತ್ರವೇ ಪ್ರಶ್ನೆ ಕೇಳುತ್ತದೆ, ಯಂತ್ರವೇ ಉತ್ತರ ಬರೆಯುತ್ತದೆ, ಎರಡನ್ನೂ ನಾನು ಪ್ರಿಂಟ್ ತೆಗೆಯುತ್ತೇನೆ. ನಡುವೆ ಮಗು ಎಲ್ಲಿದೆ?

ಇದು ಸುಮ್ನೆ ಹೇಳುವ ಮಾತಲ್ಲ, ಇದರ ಹಿಂದೆ ಅಂಕದ ಲೆಕ್ಕ ಇದೆ. ಎಸ್ಸೆಸ್ಸೆಲ್ಸಿ ಅಂದರೆ 625 ಅಂಕ ಎಂದು ನಾವೆಲ್ಲ ಲೆಕ್ಕ ಹಾಕುತ್ತಾ ಬಂದಿದ್ದೇವೆ. ಅದರಲ್ಲಿ 125 ಶಾಲೆಯೇ ಕೊಡುವ ಆಂತರಿಕ ಅಂಕ. ಪ್ರಥಮ ಭಾಷೆಗೆ 25, ಉಳಿದ ಐದು ವಿಷಯಕ್ಕೆ 20ರಂತೆ 100. ಅಂದರೆ ಐದರಲ್ಲಿ ಒಂದು ಪಾಲು. ವರ್ಷದ ನಾಲ್ಕು ಎಫ್‌ಎಗಳ ಚಟುವಟಿಕೆ, ಕಿರುಪರೀಕ್ಷೆಗಳಿಂದ ಇದು ಕೂಡಿಬರುತ್ತದೆ. ಪ್ರಾಜೆಕ್ಟ್ ಬರುವುದು ಈ ಚಟುವಟಿಕೆಯ ಲೆಕ್ಕಕ್ಕೆ. 2023–24ರಿಂದ ಪಿಯುಸಿಯಲ್ಲೂ ಪ್ರಾಕ್ಟಿಕಲ್ ಇಲ್ಲದ ವಿಷಯಗಳಿಗೆ 20 ಆಂತರಿಕ ಅಂಕ ಇಟ್ಟಿದ್ದಾರೆ. ಅಲ್ಲೂ ಇದೇ ಕಥೆ.

ಪರೀಕ್ಷೆ ಕೋಣೆಯನ್ನು ಸರ್ಕಾರ ಬಿಗಿ ಮಾಡಿದೆ, ಅದನ್ನು ಒಪ್ಪಬೇಕು. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್, ಅಂದರೆ ಕೋಣೆಯ ಕ್ಯಾಮೆರಾವನ್ನು ಹೊರಗಿನಿಂದ ನೇರ ನೋಡುವ ವ್ಯವಸ್ಥೆ, ತಂದರು. 2023ರಲ್ಲಿ ಶೇ 83.89 ಇದ್ದ ಫಲಿತಾಂಶ ಆ ವರ್ಷ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೆ! ಕ್ಯಾಮೆರಾ ಬಂದ ಕೂಡಲೇ ಇಷ್ಟು ವ್ಯತ್ಯಾಸ ಆಯಿತು ಅಂದರೆ ಮೊದಲು ಏನು ನಡೆಯುತ್ತಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಆದರೆ ಮುಂಬಾಗಿಲಿಗೆ ಬೀಗ ಜಡಿದು ಹಿತ್ತಲ ಬಾಗಿಲು ತೆರೆದಿಟ್ಟಂತಾಗಿದೆ. 500 ಅಂಕಕ್ಕೆ ಕ್ಯಾಮೆರಾ ಕಾವಲು. ಉಳಿದ 125ರಲ್ಲಿ ದೊಡ್ಡ ಪಾಲು ಮನೆಯಲ್ಲಿ, ಅಪ್ಪನ ಮೊಬೈಲಿನಲ್ಲಿ, ನನ್ನ ಪ್ರಿಂಟರಿನಲ್ಲಿ ತಯಾರಾಗುತ್ತದೆ.

ಹಾಗಾದರೆ ಎಐ ಹಿಡಿಯುವ ಸಾಫ್ಟ್‌ವೇರ್ ಶಾಲೆಗಳಿಗೆ ಕೊಡಿಸಿ ಎನ್ನುತ್ತಾರೆ ಕೆಲವರು. ದಯವಿಟ್ಟು ಆ ದಾರಿ ಹಿಡಿಯಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥದ್ದೊಂದು ಬಿಟ್ಟಿತ್ತು. ಎಐ ಬರೆದ ಬರಹಗಳಲ್ಲಿ ಅದು ಹಿಡಿದದ್ದು ಶೇ 26 ಮಾತ್ರ. ಮನುಷ್ಯರೇ ಬರೆದದ್ದರಲ್ಲಿ ಶೇ 9ನ್ನು ಎಐ ಬರಹ ಎಂದು ತಪ್ಪಾಗಿ ಹೇಳಿತು. ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಜುಲೈನಲ್ಲಿ ಅವರೇ ವಾಪಸ್ ತೆಗೆದರು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಬೇರೆ ಏಳು ಸಾಧನಗಳನ್ನು ಪರೀಕ್ಷೆ ಮಾಡಿದರು. ಇಂಗ್ಲಿಷ್ ಮಾತೃಭಾಷೆ ಅಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಅವಕ್ಕೆ ಕೊಟ್ಟರು. ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳನ್ನು ಅವು ಎಐ ಬರೆದದ್ದು ಎಂದವು. ಅಮೆರಿಕದ ಎಂಟನೇ ಕ್ಲಾಸಿನ ಮಕ್ಕಳ ಪ್ರಬಂಧ ಕೊಟ್ಟಾಗ ಹಾಗೆ ಎಡವಲಿಲ್ಲ. ಕಾರಣ ಇಷ್ಟೇ. ಭಾಷೆ ಹೊಸದಾಗಿ ಕಲಿತವರು ಗೊತ್ತಿರುವ ನಾಲ್ಕು ಪದಗಳನ್ನೇ ಮತ್ತೆ ಮತ್ತೆ ಬಳಸಿ ಸೀದಾ ಸಾದಾ ಬರೆಯುತ್ತಾರೆ. ಸಾಧನಕ್ಕೆ ಅದು ಯಂತ್ರದ ಹಾಗೆ ಕಾಣುತ್ತದೆ. ನಮ್ಮ ಮುಂಡರಗಿ, ರೋಣ, ಶಿರಹಟ್ಟಿ ಕಡೆಯ ಮಗು ಕಷ್ಟಪಟ್ಟು ಇಂಗ್ಲಿಷಿನಲ್ಲಿ ಒಂದು ಪುಟ ಬರೆದರೆ ಸಿಕ್ಕಿಬೀಳುವುದು ಅದೇ. ಜಾಣತನದಿಂದ ಎಐಗೆ 'ಸ್ವಲ್ಪ ತಪ್ಪು ಮಾಡಿ ಬರಿ' ಅಂದವನು ಪಾರಾಗುತ್ತಾನೆ.

ಈಗ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ.

ಒಂದು ಸಂಜೆ ಎಫ್‌ಎ ಗದ್ದಲದ ನಡುವೆ ಕರೆಂಟ್ ಹೋಯಿತು. ಯುಪಿಎಸ್ ಕಂಪ್ಯೂಟರಿಗೆ ಸಾಕಾಗುತ್ತದೆ, ಕಲರ್ ಪ್ರಿಂಟರ್ ಎಳೆಯುವುದಿಲ್ಲ. ಇಬ್ಬರು ಮಕ್ಕಳು ಕಾಯುತ್ತಾ ನಿಂತಿದ್ದರು. ಒಬ್ಬ ಹುಡುಗ, ಒಬ್ಬಳು ಹುಡುಗಿ. ಒಂದೇ ಶಾಲೆ, ಒಂಬತ್ತನೇ ಕ್ಲಾಸು. ಸಮಾಜ ವಿಜ್ಞಾನದ ಪ್ರಾಜೆಕ್ಟ್, ವಿಷಯ 'ನಮ್ಮೂರಿನ ಕೈಗಾರಿಕೆ'. ಹುಡುಗನದು ಬೆಟಗೇರಿ ನೇಕಾರಿಕೆ ಬಗ್ಗೆ 22 ಪುಟ, ಬಣ್ಣದ ಚಿತ್ರಗಳ ಜೊತೆ. ಅರ್ಧ ಪ್ರಿಂಟ್ ಆಗಿತ್ತು. ಹುಡುಗಿ ತಾನೇ ಬರೆದ ಮೂರು ಪುಟಕ್ಕೆ ಒಂದು ಕವರ್ ಪೇಜ್ ಮಾಡಿಸಲು ಬಂದಿದ್ದಳು. ಹೊತ್ತು ಹೋಗಬೇಕಲ್ಲ, ಹುಡುಗನನ್ನು ಮಾತಾಡಿಸಿದೆ.

"ಏನೈತೋ ನಿನ್ನ ಪ್ರಾಜೆಕ್ಟಿನಾಗ?"

"ನೇಕಾರಿಕಿ ಬಗ್ಗೆ ಐತ್ರಿ."

"ನೇಕಾರಿಕಿ ಬಗ್ಗೆ ಏನೈತಿ?"

"ಇತಿಹಾಸ, ಮಹತ್ವ, ಸವಾಲುಗಳು, ಪರಿಹಾರ…"

ತಲೆಬರಹಗಳು ಪಟಪಟ ಬಂದವು. ಒಳಗಿನದು ಒಂದೂ ಬರಲಿಲ್ಲ. ಅವನ ಎರಡನೇ ಪುಟದಲ್ಲಿ, 'ಬೆಟಗೇರಿಯ ಓಣಿಗಳಲ್ಲಿ ಇಂದಿಗೂ ಕೈಮಗ್ಗದ ಲಯಬದ್ಧ ನಾದ ಕೇಳಿಬರುತ್ತದೆ' ಎಂದಿತ್ತು. ನಮ್ಮ ಓಣಿಯಲ್ಲಿ ಕಿವಿಗೆ ಬಡಿಯುವುದು ಪವರ್‌ಲೂಮಿನ ಖಟಖಟ. ಆಗ ಅದೂ ಇರಲಿಲ್ಲ. ಹಿಂದಿನ ಓಣಿ ತಣ್ಣಗಿತ್ತು. "ಈಗ್ಯಾಕ ಏನೂ ಕೇಳವಲ್ದು?" ಅಂದೆ. ಹುಡುಗ ನನ್ನ ಮುಖ ನೋಡಿದ. ಹುಡುಗಿ ಕಿಸಕ್ಕನೆ ನಕ್ಕಳು. "ಕರೆಂಟ್ ಹೋಗೇತಲ್ರಿ, ಮಗ್ಗ ನಿಂತಾವು."

ಆಮೇಲೆ ಅವಳನ್ನು ನಿಲ್ಲಿಸುವುದೇ ಕಷ್ಟವಾಯಿತು. ಅವರ ಮನೆಯ ಪಡಸಾಲೆಯಲ್ಲೇ ಎರಡು ಮಗ್ಗ ಇವೆಯಂತೆ. ಕೂಲಿ ಸೀರೆ ಲೆಕ್ಕದಲ್ಲಿ. ಹೀಗೆ ಕರೆಂಟ್ ಹೋದ ಹೊತ್ತಿಗೆ ಕೂಲಿ ಇಲ್ಲ. ಕರೆಂಟ್ ಬಂದು ಮಗ್ಗ ಒಮ್ಮೆಲೇ ಶುರುವಾದಾಗ ಹಾಸಿನ (ಉದ್ದಕ್ಕಿರುವ) ಎಳೆ ಕಡಿಯುವುದುಂಟು. ಕಡಿದ ಎಳೆ ಹುಡುಕಿ ಗಂಟು ಹಾಕುವುದು ಇವಳ ಕೆಲಸ, ಯಾಕೆಂದರೆ ಅಪ್ಪನಿಗೆ ಈಗ ಕಣ್ಣು ಮಂಜು. ಅಜ್ಜಿ ಕಂಡಿಕೆ, ಅಂದರೆ ಲಾಳಿಯೊಳಗೆ ಕೂರುವ ನೂಲಿನ ಸುರುಳಿ, ಸುತ್ತುತ್ತಾಳೆ. ಅಡ್ಡಕ್ಕೆ ಹೋಗುವ ಹೊಕ್ಕಿನ ನೂಲು ಕಂಡಿಕೆಯಲ್ಲಿ ಮುಗಿದದ್ದು ಗೊತ್ತಾಗದೆ ಲಾಳಿ ಖಾಲಿ ಓಡಿದರೆ ಸೀರೆಯಲ್ಲಿ ಗೆರೆ ಬೀಳುತ್ತದೆ, ಆ ಸೀರೆಗೆ ಮಾಲೀಕರು ದುಡ್ಡು ಮುರಿದುಕೊಳ್ಳುತ್ತಾರೆ. ಇಷ್ಟನ್ನೂ ಅವಳು ಕೈಸನ್ನೆ ಮಾಡಿ, ನನ್ನ ಟೇಬಲ್ಲಿನ ಮೇಲಿದ್ದ ಸ್ಕೇಲನ್ನೇ ಲಾಳಿ ಮಾಡಿ ತೋರಿಸಿದಳು. ಅವಳ ಮೂರು ಪುಟದಲ್ಲಿ ಇದರ ಕಾಲುಭಾಗವೂ ಇರಲಿಲ್ಲ. ಮಾತಾಡಿದಷ್ಟು ಅವಳಿಗೆ ಬರೆಯಲು ಬರುವುದಿಲ್ಲ, ಕಾಗುಣಿತವೂ ಅಷ್ಟಕ್ಕಷ್ಟೇ.

ಹುಡುಗ ದಡ್ಡ ಅಂದುಕೊಳ್ಳಬೇಡಿ. ಅವರ ಅಪ್ಪ ಎಪಿಎಂಸಿಯಲ್ಲಿ ಅಡತಿ (ದಲಾಲಿ) ಅಂಗಡಿಯವರು. ನಾನು ಆ ಕಡೆ ಮಾತು ತಿರುಗಿಸಿದೆ. ಹೆಸರುಕಾಳು ಮಾರ್ಕೆಟ್ಟಿಗೆ ಬಂದಾಗ ಹಸಿ ಇದೆಯೋ ಒಣಗಿದೆಯೋ ಹೇಗೆ ನೋಡುತ್ತಾರೆ, ಮಳೆ ಹತ್ತಿದ ಕಾಳಿಗೆ ಯಾಕೆ ರೇಟು ಬೀಳುತ್ತದೆ, ರೈತ ಹಬ್ಬಕ್ಕೆ ಮುಂಗಡ ಒಯ್ದಿದ್ದರೆ ಪಟ್ಟಿಯಲ್ಲಿ ಅದನ್ನು ಹೇಗೆ ಕಳೆಯುತ್ತಾರೆ, ಎಲ್ಲ ಹೇಳಿದ. ಶೇಕಡಾ ಲೆಕ್ಕ ಬಾಯಲ್ಲೇ ಹಾಕಿದ. "ಹುಚ್ಚಪ್ಪ, ಇದನ್ನ ಬರೀಬಹುದಿತ್ತಲ್ಲೋ" ಅಂದೆ. ಅದಕ್ಕೆ ಅವನು, "ಇದಕ್ಕ ಪ್ರಾಜೆಕ್ಟ್ ಅಂತಾರೇನ್ರಿ ಅಂಕಲ್?" ಅಂದ.

ನಿಜವಾಗಿ ಕೇಳಿದ್ದು ಅವನು, ಬೇಕಂತಲ್ಲ. ಪ್ರಾಜೆಕ್ಟ್ ಅಂದರೆ ಪೀಠಿಕೆ, ಮಹತ್ವ, ಸವಾಲು, ಪರಿಹಾರ, ಉಪಸಂಹಾರ, ಬಣ್ಣದ ಚಿತ್ರ. ಅದನ್ನು ಅವನಿಗೆ ಕಲಿಸಿದ್ದು ಎಐ ಅಲ್ಲ. ನಾವೇ ಇಷ್ಟು ವರ್ಷದಿಂದ ಹಾಗೆ ಕೇಳುತ್ತಾ ಬಂದಿದ್ದೇವೆ. ಆ ಅಚ್ಚಿಗೆ ಬೇಕಾದದ್ದನ್ನು ಈಗ ಯಂತ್ರ ಅರ್ಧ ನಿಮಿಷದಲ್ಲಿ ಹೊಯ್ದು ಕೊಡುತ್ತದೆ, ಅಷ್ಟೇ ವ್ಯತ್ಯಾಸ. ಆಮೇಲೆ ತಿಳಿದದ್ದು, ಆ ಚಟುವಟಿಕೆಯಲ್ಲಿ ಹುಡುಗನಿಗೆ ಹುಡುಗಿಗಿಂತ ಜಾಸ್ತಿ ಅಂಕ ಬಂತು.

ಕರೆಂಟ್ ಬರುವಷ್ಟರಲ್ಲಿ, ಬಿಎಡ್ ಮಾಡದ ನನಗೇ ಯಾರಿಗೆ ಏನು ಗೊತ್ತು ಅಂತ ಗೊತ್ತಾಯಿತು. ನಾನು ಹೇಳಬೇಕಾದದ್ದೂ ಇಷ್ಟೇ. ಮನೆಯಿಂದ ಬಂದ ಕಾಗದಕ್ಕೆ ಅಂಕ ಕೊಡುವುದು ಬಿಡಿ. ಆ ಕಾಗದ ಮುಂದಿಟ್ಟುಕೊಂಡು ಮಗುವನ್ನು ಕೇಳಿ, ಅದು ಹೇಳಿದ್ದಕ್ಕೆ ಅಂಕ ಕೊಡಿ. ಕಾಗದ ಬರೆಯಲು ಯಾರನ್ನು ಬೇಕಾದರೂ ಕೇಳಿರಲಿ, ಎಐಯನ್ನೂ ಕೇಳಿರಲಿ.

ಇದರಲ್ಲಿ ಹೊಸದೇನೂ ಇಲ್ಲ. ನಮ್ಮಪ್ಪ ಮುಲ್ಕಿ ಪಾಸು. ನಮ್ಮ ಭಾಗ ಮುಂಬೈ ಪ್ರಾಂತದಲ್ಲಿದ್ದ ಕಾಲದ ಏಳನೇ ಇಯತ್ತೆಯ ಪರೀಕ್ಷೆ ಅದು. ಮುಲ್ಕಿ ಆದವರಿಗೆ ಮಾಸ್ತರಿಕೆ, ತಲಾಟಿ (ಊರಿನ ಲೆಕ್ಕಿಗ) ಕೆಲಸ ಸಿಗುತ್ತಿತ್ತು. ಶಾಲೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದರೆ ಒಬ್ಬೊಬ್ಬರನ್ನೇ ಎಬ್ಬಿಸಿ ಬಾಯಿಲೆಕ್ಕ ಕೇಳುತ್ತಿದ್ದರಂತೆ. ಸೇರಿಗೆ ಹನ್ನೆರಡಾಣೆ ಆದರೆ ಮೂರು ಪಾವಿಗೆ ಎಷ್ಟು? ಸೇರಿಗೆ ನಾಲ್ಕು ಪಾವು, ಪಾವಿಗೆ ಮೂರಾಣೆ, ಒಂಬತ್ತಾಣೆ ಎಂದು ಥಟ್ಟನೆ ಹೇಳಬೇಕು. ಆ ಕಾಲ ಬಹಳ ಚಲೋ ಇತ್ತು ಎಂದು ನಾನೇನೂ ಹೇಳುತ್ತಿಲ್ಲ. ಛಡಿ ಏಟಿಗೆ ಹೆದರಿ ಸಾಲಿ ಬಿಟ್ಟವರೇ ನಮ್ಮ ಮನೆತನದಲ್ಲಿ ಜಾಸ್ತಿ. ಈಗಲೂ ಪಿಯುಸಿ ಸೈನ್ಸ್ ಪ್ರಾಕ್ಟಿಕಲ್‌ನಲ್ಲಿ ವೈವಾ (ಬಾಯಿಪರೀಕ್ಷೆ) ಇದೆ, ಇಂಜಿನಿಯರಿಂಗ್‌ನಲ್ಲಿದೆ, ಪಿಎಚ್‌ಡಿಗೂ ಇದೆ. ಹೈಸ್ಕೂಲ್ ಮಗುವಿಗೆ ಮಾತ್ರ ಯಾಕಿಲ್ಲ?

ಟೈಮ್ ಎಲ್ಲಿದೆ ಎನ್ನುತ್ತಾರೆ. ನಮ್ಮ ಅಂಗಡಿಗೆ ಬರುವ ಒಬ್ಬ ಗಣಿತದ ಅಕ್ಕೋರು (ಟೀಚರ್) ನನ್ನ ಎದುರಿಗೇ ಲೆಕ್ಕ ಹಾಕಿದರು. ಅರವತ್ತು ಮಕ್ಕಳು, ಒಬ್ಬರಿಗೆ ಐದು ನಿಮಿಷ ಅಂದರೆ 300 ನಿಮಿಷ. 40 ನಿಮಿಷದ ಪೀರಿಯಡ್ ಹಿಡಿದರೆ ಏಳೂವರೆ ಪೀರಿಯಡ್. ನಾಲ್ಕು ಎಫ್‌ಎಗೆ ಮೂವತ್ತು. ಆಗದ ಮಾತು, ಒಪ್ಪಿದೆ. ಆದರೆ ಎಲ್ಲರನ್ನೂ ನಾಲ್ಕೂ ಸಲ ಕೇಳಬೇಕು ಅಂತ ಎಲ್ಲಿದೆ? ಪ್ರತಿ ಎಫ್‌ಎಗೆ ಹದಿನೈದು ಮಕ್ಕಳು, ಚೀಟಿ ಎತ್ತಿ. ವರ್ಷ ಮುಗಿಯುವಷ್ಟರಲ್ಲಿ ಎಲ್ಲರದೂ ಒಂದೊಂದು ಸಲ ಆಗಿರುತ್ತದೆ. ಎಫ್‌ಎಗೆ ಎರಡು ಪೀರಿಯಡ್ ಸಾಕು. ಯಾರ ಸರದಿ ಯಾವಾಗ ಎಂದು ಗೊತ್ತಿಲ್ಲದಿದ್ದರೆ ಎಲ್ಲರೂ ತಯಾರಾಗಿ ಬರುತ್ತಾರೆ. ಕೊನೆಯ ಎಫ್‌ಎಗೆ ಯಾರು ಉಳಿದರು ಎಂದು ಗೊತ್ತಾಗುತ್ತದಲ್ಲ ಅಂದರು ಅಕ್ಕೋರು. ಹೌದು, ಅದಕ್ಕೆ ಆಗಲೇ ಕೇಳಿದವರ ಚೀಟಿಯನ್ನೂ ನಾಲ್ಕೈದು ವಾಪಸ್ ಹಾಕಿಬಿಡಿ.

ಉಳಿದವರಿಗೆ ಅವರೇ ಒಂದು ಉಪಾಯ ಹೇಳಿದರು, ನನಗೆ ಅದು ಇನ್ನೂ ಹಿಡಿಸಿತು. ಪ್ರಾಜೆಕ್ಟ್ ಒಪ್ಪಿಸಿದ ಮರುದಿನ ಎಲ್ಲ ನೋಟ್‌ಬುಕ್ ಟೀಚರ್ ಟೇಬಲ್ ಮೇಲೆ. ಮಕ್ಕಳ ಕೈಗೆ ಒಂದು ಖಾಲಿ ಹಾಳೆ. ಬೋರ್ಡ್ ಮೇಲೆ ಮೂರು ಪ್ರಶ್ನೆ. ಈ ಪ್ರಾಜೆಕ್ಟಿಗೆ ಯಾರನ್ನು ಮಾತಾಡಿಸಿದೆ? ಅವರು ಹೇಳಿದ್ದರಲ್ಲಿ ನಿನಗೆ ಮೊದಲು ಗೊತ್ತಿಲ್ಲದ್ದು ಯಾವುದು? ಪುಸ್ತಕದಲ್ಲೋ ಫೋನಿನಲ್ಲೋ ಇದ್ದದ್ದಕ್ಕೂ ಅವರು ಹೇಳಿದ್ದಕ್ಕೂ ಎಲ್ಲಿ ತಾಳೆ ಬೀಳಲಿಲ್ಲ? ಹದಿನೈದು ನಿಮಿಷ. ಅಂಕ ಆ ಹಾಳೆಗೆ, ನೋಟ್‌ಬುಕ್ಕಿಗಲ್ಲ. 22 ಪುಟ ಓದುವುದಕ್ಕಿಂತ ಒಂದು ಹಾಳೆ ಓದುವುದು ಟೀಚರಿಗೂ ಹಗುರ.

ಪ್ರಶ್ನೆಯೂ ಬದಲಾಗಬೇಕು. 'ಸ್ಥಳೀಯ ವಿಷಯ ಕೊಡಿ' ಎನ್ನುವುದು ಸಾಲದು. ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ, ಏಷ್ಯಾದ ಮೊದಲನೆಯದೆಂದು ಹೆಸರಾದ ಸಹಕಾರ ಸಂಘ ಹುಟ್ಟಿತು ಎನ್ನುವುದು ಎಐಗೂ ಗೊತ್ತು. ನಮ್ಮದೇ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಬಾತುಗಳು ಬರುತ್ತವೆ, 2024ರಲ್ಲಿ ಅದು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿತು ಎನ್ನುವುದೂ ಗೊತ್ತು. ಗೊತ್ತಿಲ್ಲದ್ದು ಯಾವುದು? ನೀನು ಹೋದ ದಿನ ಕೆರೆಯಲ್ಲಿ ನೀರು ಎಲ್ಲಿಯವರೆಗೆ ಇತ್ತು, ರಾತ್ರಿ ಆ ಹಕ್ಕಿಗಳು ಯಾರ ಹೊಲಕ್ಕೆ ಮೇಯಲು ಇಳಿದವು, ಆ ಹೊಲದವರು ಏನು ಬೈದರು. ನಿಮ್ಮೂರಿನ ಸೊಸೈಟಿಯಲ್ಲಿ ನಿಮ್ಮ ಮನೆಯವರು ಸಾಲ ಕೇಳಿದಾಗ ಯಾವ ಯಾವ ಕಾಗದ ಕೇಳಿದರು. ಇದನ್ನು ಹೋಗಿ ನೋಡಬೇಕು, ಇಲ್ಲವೇ ಯಾರನ್ನಾದರೂ ಕೇಳಬೇಕು. ಹೋಗದೆ ಕತೆ ಕಟ್ಟಿದರೆ ಪಕ್ಕದ ಬೆಂಚಿನವರೇ ನಗುತ್ತಾರೆ.

ಅಕ್ಕೋರು ತಮ್ಮ ಕ್ಲಾಸಿನಲ್ಲಿ ಮಾಡಿದ್ದು ಹೆಸ್ಕಾಂನ ಕರೆಂಟ್ ಬಿಲ್. ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆ 2023ರಲ್ಲಿ ಜಾರಿಗೆ ಬಂದಾಗ ಇದ್ದ ನಿಯಮವನ್ನು ಬೋರ್ಡ್ ಮೇಲೆ ಬರೆದರು. ಹಿಂದಿನ ವರ್ಷದ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇ 10, ಅಷ್ಟು ಯುನಿಟ್ ಪುಕ್ಕಟೆ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ದುಡ್ಡು. ಒಟ್ಟು 200 ದಾಟಿದರೆ ಪೂರ್ತಿ ಬಿಲ್. ಮಕ್ಕಳು ತಮ್ಮ ತಮ್ಮ ಮನೆಯ ಬಿಲ್ ತಂದರು. ಯಾವ ಎರಡು ಬಿಲ್ಲೂ ಒಂದೇ ಥರ ಇರುವುದಿಲ್ಲ. ಶೇಕಡಾ ತೆಗೆಯುವುದು ಹೇಗೆ ಎಂದು ಎಐಯನ್ನು ಕೇಳಿಕೊಂಡು ಬಂದರೂ ತಕರಾರಿಲ್ಲ ಎಂದರಂತೆ. ಆಮೇಲೆ ಒಬ್ಬೊಬ್ಬರನ್ನು ನಿಲ್ಲಿಸಿ, ನಿಮ್ಮ ಮನೆ ಸರಾಸರಿ 60 ಅಂದಿಯಲ್ಲ, ಈ ತಿಂಗಳು 70 ಉರಿಸಿದರೆ ಎಷ್ಟು ಯುನಿಟ್ಟಿಗೆ ದುಡ್ಡು ಎಂದು ಕೇಳಿದರು. 60ಕ್ಕೆ ಶೇ 10 ಸೇರಿ 66 ಪುಕ್ಕಟೆ, ಉಳಿದ ನಾಲ್ಕಕ್ಕೆ ದುಡ್ಡು. ಹತ್ತು ಅಂದವರು ಒಬ್ಬಿಬ್ಬರಲ್ಲ. ನಾಲ್ಕು ಅಂದವರಿಗೆ, ಯಾಕೆ ನಾಲ್ಕು ಅಂತ ಮತ್ತೆ ಕೇಳಬೇಕು. ಬಿಲ್ಲಿನ ಝೆರಾಕ್ಸ್ ನನ್ನಲ್ಲೇ ಆಯಿತು, ಒಂದಕ್ಕೆ ಎರಡು ರೂಪಾಯಿ. ಕಲರ್ ಪ್ರಾಜೆಕ್ಟ್ ಆದರೆ ಪುಟಕ್ಕೆ ಹತ್ತು. ಇದು ನನ್ನ ಹೊಟ್ಟೆಯ ಮೇಲೆ ಹೊಡೆಯುವ ಸಲಹೆ ಎಂದು ನನ್ನ ಹೆಂಡತಿ ಆಗಲೇ ಹೇಳಿದ್ದಾಳೆ.

ಕೇಳಿ ಅಂಕ ಕೊಡುವುದರಲ್ಲಿ ತೊಂದರೆ ಇಲ್ಲ ಎಂದಲ್ಲ. ನಾಚಿಕೆ ಸ್ವಭಾವದ ಮಗು, ತೊದಲುವ ಮಗು, ಮಾಸ್ತರರ ಮುಂದೆ ಬಾಯೇ ಬಿಡದ ಮಗು ಇರುತ್ತದೆ. ಅವರಿಗೆ ಪಕ್ಕದಲ್ಲಿ ಕೂರಿಸಿಕೊಂಡು ಬರೆದು ತೋರಿಸಲು ಬಿಡಬೇಕು. ಮನೆ ಮಾತಿನಲ್ಲಿ ಹೇಳಿದರೆ ಅಂಕ ಕತ್ತರಿಸಬಾರದು. ಬೇಕಾದವರಿಗೆ ಜಾಸ್ತಿ, ಬೇಡಾದವರಿಗೆ ಕಡಿಮೆ ಹಾಕುತ್ತಾರೆ ಎನ್ನುವ ಭಯ ಪಾಲಕರಿಗಿದೆ. ಅದು ಸುಳ್ಳು ಭಯ ಅಲ್ಲ. ಆದರೆ ಈಗ ಏನು ನಡೆದಿದೆ? ಇಪ್ಪತ್ತಕ್ಕೆ ಇಪ್ಪತ್ತು ಎಲ್ಲರಿಗೂ ಹಾಕಿಬಿಡುವುದು, ಅಥವಾ ಪುಟದ ತೂಕ ನೋಡಿ ಹಾಕುವುದು. ಕೇಳಿದ ಪ್ರಶ್ನೆ, ಮಗು ಹೇಳಿದ ಉತ್ತರ ಎರಡು ಸಾಲಿನಲ್ಲಿ ಬರೆದಿಟ್ಟರೆ, ಕಡಿಮೆ ಅಂಕ ಯಾಕೆ ಬಂತು ಎಂದು ಪಾಲಕರು ಬಂದು ನೋಡಬಹುದು. ಬಣ್ಣದ ಪ್ರಾಜೆಕ್ಟಿಗೆ ಒಂದು ಅಂಕ ಯಾಕೆ ಕಡಿಮೆ ಬಂತು ಎಂದು ಈಗ ಯಾರೂ ಹೇಳಲಾರರು.

ನಿಜವಾದ ತೊಡಕು ಮಾಸ್ತರರ ತಲೆ ಮೇಲಿರುವ ಬೇರೆ ಕೆಲಸ. ನನ್ನ ಅಂಗಡಿಗೆ ಟೀಚರುಗಳು ಬರುವುದೇ ಅದಕ್ಕಾಗಿ. ಎಸ್‌ಎಟಿಎಸ್ ಎಂಬ ಆನ್‌ಲೈನ್ ವಿದ್ಯಾರ್ಥಿ ದಾಖಲೆಯ ಎಂಟ್ರಿ, ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಮತದಾರರ ಪಟ್ಟಿ. 2025ರ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದು ಮನೆ ಮನೆ ಸಮೀಕ್ಷೆಗೆ ಕಳಿಸಿದರು. ಅದರ ಮೇಲೆ ಪ್ರತಿ ಪಾಠ ಮುಗಿದ ಕೂಡಲೇ ಎಲ್‌ಬಿಎ ಎಂಬ ಪರೀಕ್ಷೆ. ಅದರ ಪ್ರಶ್ನೆಪತ್ರಿಕೆಗೆ ಸ್ವಂತ ಜೇಬಿನಿಂದ ದುಡ್ಡು ತೆತ್ತು ಝೆರಾಕ್ಸ್ ಮಾಡಿಸಿದವರನ್ನು ನೋಡಿದ್ದೇನೆ. ಇಷ್ಟು ಕಾಗದ ತುಂಬಿಸಿದವರಿಗೆ ಮಗುವಿನ ಎದುರು ಐದು ನಿಮಿಷ ಕೂರು ಎಂದು ಹೇಳಲು ನಮಗೆ ನಾಲಿಗೆ ಬರಬೇಕಲ್ಲ. ಹೊಸದು ಒಂದು ಸೇರಿಸುವ ಮೊದಲು ಹಳೆಯದು ಎರಡು ತೆಗೆಯಿರಿ. ಮೊದಲು ತೆಗೆಯಬೇಕಾದದ್ದು ಮನೆಯಲ್ಲಿ ಮಾಡಿ ತರುವ ದಪ್ಪ ಪ್ರಾಜೆಕ್ಟ್ ಫೈಲು.

ಶಾಲಾ ಶಿಕ್ಷಣ ಇಲಾಖೆಯ ಧಾರವಾಡದ ಅಪರ ಆಯುಕ್ತರ ಕಚೇರಿಯಿಂದ ಮುಂದಿನ ಎಫ್‌ಎ ಒಳಗೆ ನಮ್ಮ ಜಿಲ್ಲೆಗಳಿಗೆ ಒಂದು ಸುತ್ತೋಲೆ ಬಂದರೆ ಸಾಕು. ಪ್ರಾಜೆಕ್ಟ್ ನಾಲ್ಕು ಪುಟ ಮೀರಬಾರದು. ಕಲರ್ ಪ್ರಿಂಟ್ ತೆಗೆದುಕೊಳ್ಳುವುದಿಲ್ಲ. ಅಂಕ ತರಗತಿಯಲ್ಲಿ ಬರೆದ ಹಾಳೆಗೆ, ಕೇಳಿದ ಪ್ರಶ್ನೆಗೆ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಆಗುವುದಿಲ್ಲ, ಸಹಿ ಸಿಕ್ಕಾ ಹಾಕಿದ ಕಾಗದದಲ್ಲೇ ಇರಬೇಕು. ಇಲ್ಲದಿದ್ದರೆ ಪಾಲಕರು ಟೀಚರ ಮಾತು ಕೇಳುವುದಿಲ್ಲ. 'ಬಾಜೂ ಮನಿ ಹುಡುಗ ಮೂವತ್ತು ಪುಟ ಕೊಟ್ಟಾನ, ನಮ್ಮವನದೂ ಮಾಡಿಕೊಡ್ರಿ' ಎಂದು ರಾತ್ರಿ ಒಂಬತ್ತಕ್ಕೆ ನನ್ನ ಶಟರ್ ಬಡಿಯುತ್ತಾರೆ.

ಇಂತಿ,
ಒಬ್ಬ ಝೆರಾಕ್ಸ್ ಅಂಗಡಿಯವ
ಬೆಟಗೇರಿ, ಗದಗ ಜಿಲ್ಲೆ